ಶ್ರುತಿ ಪೆಟ್ಟಿಗೆಯೋ, ಮೊಬೈಲ್ ಆ್ಯಪೋ? ಧ್ವನಿಗಿಂತ ದೊಡ್ಡದು ಭರವಸೆಯ ಪ್ರಶ್ನೆ

ಮಹಾಲಿಂಗಪುರ: ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನಡುವಿನ ಈ ಸೀಮೆಯಲ್ಲಿ ಸಂಗೀತವು ಸಭಾಂಗಣಕ್ಕೆ ಸೀಮಿತವಾದ ಕಲೆಯಲ್ಲ. ಕುಲಗೋಡ ತಮ್ಮಣ್ಣನ ಹೆಸರಿನೊಂದಿಗೆ ಬೆಸೆದುಕೊಂಡು, ಕೌಜಲಗಿ ನಿಂಗಮ್ಮನವರ ಅಭಿನಯದಿಂದ ನಾಡಿಗೆಲ್ಲ ಪರಿಚಿತವಾದ ಶ್ರೀಕೃಷ್ಣ ಪಾರಿಜಾತ ಬೆಳೆದದ್ದು ಇದೇ ನೆಲದಲ್ಲಿ. ಮಠಗಳ ಭಜನೆ, ಜಾತ್ರೆಗಳ ರಸಮಂಜರಿ, ಮಕ್ಕಳ ಸಂಗೀತ ಪಾಠ ಎಲ್ಲಕ್ಕೂ ಇಲ್ಲಿ ಕೇಳುಗರಿದ್ದಾರೆ. ಇವೆಲ್ಲಕ್ಕೂ ಸಮಾನವಾಗಿ ಬೇಕಾದದ್ದು ಒಂದು: ಕದಲದ ಶ್ರುತಿ. ಒಂದು ಕಾಲಕ್ಕೆ ಅದನ್ನು ತಂಬೂರಿ ಅಥವಾ ಹಾರ್ಮೋನಿಯಂ ನೀಡುತ್ತಿತ್ತು. ಆನಂತರ ವಿದ್ಯುತ್ ಶ್ರುತಿ ಪೆಟ್ಟಿಗೆ ಬಂತು. ಈಗ ಅದೇ ಕೆಲಸವನ್ನು ಅಂಗೈಯೊಳಗಿನ ಮೊಬೈಲ್ ಮಾಡುತ್ತಿದೆ.

ಸಹಜವಾಗಿಯೇ ಪ್ರಶ್ನೆಯೊಂದು ಎದ್ದಿದೆ. ಫೋನಿನಲ್ಲಿ ಪುಕ್ಕಟೆಯಾಗಿ ದೊರೆಯುವುದಕ್ಕೆ ಸಾವಿರಾರು ರೂಪಾಯಿ ತೆತ್ತು ಪ್ರತ್ಯೇಕ ಪೆಟ್ಟಿಗೆ ಕೊಳ್ಳಬೇಕೇ? ಪಾಶ್ಚಾತ್ಯ ಸಂಗೀತ ಲೋಕದಲ್ಲಿ ಗಿಟಾರ್ ವಾದಕರು ಕಾಲು ಶತಮಾನಕ್ಕೂ ಹೆಚ್ಚು ಕಾಲದಿಂದ ಚರ್ಚಿಸುತ್ತ ಬಂದಿರುವುದೂ ಇದೇ ಪ್ರಶ್ನೆಯನ್ನೇ: ಆಂಪ್ಲಿಫೈಯರಿನ ಧ್ವನಿಯನ್ನು ಅನುಕರಿಸಲು ಗಣಕಯಂತ್ರದ ತಂತ್ರಾಂಶ ಸಾಕೇ, ಅಥವಾ ಅದಕ್ಕೆಂದೇ ತಯಾರಾದ ಯಂತ್ರ ಬೇಕೇ? ಎರಡೂ ಚರ್ಚೆಗಳನ್ನು ಒಟ್ಟಿಗಿಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಯಾವುದರ ಧ್ವನಿ ಉತ್ತಮ ಎಂಬ ವಾದ ಬಹುಮಟ್ಟಿಗೆ ಮುಗಿದಿದೆ. ಯಾವ ಕೆಲಸಕ್ಕೆ ಯಾವುದನ್ನು ನಂಬಬಹುದು ಎಂಬುದಷ್ಟೇ ಉಳಿದಿದೆ.

ಬೆಂಗಳೂರಿನಲ್ಲಿ ಹುಟ್ಟಿದ ಪೆಟ್ಟಿಗೆ

ಭಾರತೀಯ ಸಂಗೀತಕ್ಕಾಗಿಯೇ ರೂಪುಗೊಂಡ ಎಲೆಕ್ಟ್ರಾನಿಕ್ ವಾದ್ಯಗಳ ಇತಿಹಾಸದಲ್ಲಿ ಕರ್ನಾಟಕಕ್ಕೆ ವಿಶೇಷ ಸ್ಥಾನವಿದೆ. ಎಚ್‌ಎಎಲ್‌ನಲ್ಲಿ ಎಂಜಿನಿಯರ್ ಆಗಿದ್ದ, ಸ್ವತಃ ಕೊಳಲು ವಾದಕರಾದ ಜಿ. ರಾಜ್‌ನಾರಾಯಣ್ ಅವರು 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ಸಿದ್ಧಪಡಿಸಿದರು. ಅವರು ಬೆಂಗಳೂರಿನಲ್ಲಿ ಕಟ್ಟಿದ ರಾಡೆಲ್ ಸಂಸ್ಥೆಯಿಂದ ಮುಂದೆ ಸಾರಂಗ್, ರಾಗಿಣಿ ಎಂಬ ಶ್ರುತಿ ವಾದ್ಯಗಳೂ, ತಬಲಾದ ಠೇಕಾ ನುಡಿಸುವ ತಾಳಮಾಲಾ, ಲೆಹರಾ ನುಡಿಸುವ ಸುನಾದಮಾಲಾ ಎಂಬ ಯಂತ್ರಗಳೂ ಹೊರಬಂದವು. ಸಂಗೀತ ಕಛೇರಿಯ ವೇದಿಕೆಯ ಮೇಲೆ, ಗುರುಗಳ ಮನೆಯ ಗೂಡಿನಲ್ಲಿ ಇಂತಹ ಪೆಟ್ಟಿಗೆಗಳು ನಿತ್ಯದ ವಸ್ತುಗಳಾದವು.

ಈ ಯಂತ್ರಗಳನ್ನು ಎಲ್ಲರೂ ಮೊದಲಿಗೇ ಸ್ವಾಗತಿಸಲಿಲ್ಲ. ಜೀವವಿಲ್ಲದ ನಾದ ಎಂಬ ಆಕ್ಷೇಪ ಬಂದದ್ದು ಸಹಜವೇ. ಹಾರ್ಮೋನಿಯಂ ಕೂಡ ಇಂಥದೇ ಹಾದಿಯನ್ನು ಸವೆಸಿತ್ತು. 1940ರಲ್ಲಿ ಆಕಾಶವಾಣಿ ಅದಕ್ಕೆ ನಿಷೇಧ ಹೇರಿತ್ತು. ನಿಷೇಧ ಸಡಿಲಗೊಳ್ಳಲು 1971ರವರೆಗೆ ಕಾಯಬೇಕಾಯಿತು. ಆದರೆ ಅಷ್ಟೂ ವರ್ಷ ಉತ್ತರ ಕರ್ನಾಟಕದ ನಾಟಕ ಕಂಪನಿಗಳಾಗಲಿ, ಪಾರಿಜಾತದ ಮೇಳಗಳಾಗಲಿ ಹಾರ್ಮೋನಿಯಂ ಪೆಟ್ಟಿಗೆಯನ್ನು ಕೈಬಿಡಲಿಲ್ಲ. ಒಂದು ವಾದ್ಯ ಉಳಿಯುವುದೋ ಅಳಿಯುವುದೋ ಎಂಬುದನ್ನು ತೀರ್ಮಾನಿಸುವವರು ಅದನ್ನು ದಿನವೂ ಬಳಸುವವರೇ ಎಂಬುದಕ್ಕೆ ಇದು ನಿದರ್ಶನ.

ಜವಾರಿಯ ಗುಟ್ಟು

ತಂಬೂರಿಯನ್ನು ಅನುಕರಿಸುವುದು ಸುಲಭವಲ್ಲ. ನಾಲ್ಕೇ ತಂತಿಗಳ ಈ ವಾದ್ಯದಲ್ಲಿ ಮೊದಲನೆಯದು ಸಾಮಾನ್ಯವಾಗಿ ಪಂಚಮ, ನಡುವಿನ ಜೋಡಿ ಷಡ್ಜ, ಕೊನೆಯದು ಖರ್ಜದ ಷಡ್ಜ. ಆದರೆ ಮೀಟಿದಾಗ ಕೇಳುವುದು ನಾಲ್ಕು ಸ್ವರಗಳಷ್ಟೇ ಅಲ್ಲ. ಅಗಲವಾದ, ತುಸು ಬಾಗಿದ ಕುದುರೆಯ ಮೇಲೆ ತಂತಿಯ ಕೆಳಗೆ ಹತ್ತಿಯ ನೂಲೊಂದನ್ನು ಸರಿಯಾದ ಜಾಗದಲ್ಲಿ ಕೂರಿಸಿದಾಗ ಉಪಸ್ವರಗಳ ಸರಮಾಲೆಯೇ ಏಳುತ್ತದೆ. ಸಂಗೀತಗಾರರು ಜವಾರಿ ಎಂದು ಕರೆಯುವುದು ಇದನ್ನೇ. ಸರ್ ಸಿ. ವಿ. ರಾಮನ್ ಅವರು 1921ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಈ ವಿಸ್ಮಯವನ್ನು ವಿಶ್ಲೇಷಿಸಿದ್ದರು. ತಂತಿಯನ್ನು ಮೀಟಿದ ಜಾಗವನ್ನು ಆಧರಿಸಿ ಕೆಲವು ಉಪಸ್ವರಗಳು ಕೇಳಿಸಲೇಬಾರದು ಎನ್ನುವುದು ಹಳೆಯ ಭೌತಶಾಸ್ತ್ರದ ನಿಯಮ. ತಂಬೂರಿಯಲ್ಲೂ ವೀಣೆಯಲ್ಲೂ ಅವು ಸ್ಪಷ್ಟವಾಗಿ ಕೇಳಿಸುತ್ತವೆ. ಇದಕ್ಕೆ ಕಾರಣ ಕುದುರೆಯ ವಿಶಿಷ್ಟ ರಚನೆ ಎಂದು ಅವರು ತೋರಿಸಿದರು.

ಆರಂಭದ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆಗಳು ಈ ನಾದವನ್ನು ವಿದ್ಯುತ್ ಮಂಡಲಗಳ ಮೂಲಕ ಹೊಸದಾಗಿ ಸೃಷ್ಟಿಸಲು ಯತ್ನಿಸಿದವು. ಅದರಲ್ಲಿ ಶ್ರುತಿ ಇತ್ತು, ಜವಾರಿ ಅಷ್ಟಕ್ಕಷ್ಟೇ. ಮುಂದೆ ಡಿಜಿಟಲ್ ತಂತ್ರಜ್ಞಾನ ಬಂದಾಗ ವಿಧಾನವೇ ಬದಲಾಯಿತು. ಉತ್ತಮ ತಂಬೂರಿಯ ನಾದವನ್ನು ಮುದ್ರಿಸಿಕೊಂಡು, ಸ್ಮೃತಿಕೋಶದಲ್ಲಿ ತುಂಬಿ, ಬೇಕಾದ ಶ್ರುತಿಗೆ ಹೊಂದಿಸಿ ನುಡಿಸುವ ಯಂತ್ರಗಳು ತಯಾರಾದವು.

ಫೋನಿನ ಆ್ಯಪ್ ಮಾಡುವುದೂ ಬಹುತೇಕ ಇದನ್ನೇ. ಮುದ್ರಿಸಿದ ತಂಬೂರಿಯ ನಾದ, ಶ್ರುತಿ ಬದಲಿಸುವ ಲೆಕ್ಕಾಚಾರ, ಮೀಟಿನ ವೇಗ, ತಂತಿಗಳ ಸ್ವರ ಹೊಂದಾಣಿಕೆ ಎಲ್ಲವೂ ಅದರಲ್ಲಿವೆ. ಸ್ಮೃತಿಕೋಶದ ವಿಷಯದಲ್ಲಿ ಇಂದಿನ ಸಾಧಾರಣ ಫೋನ್ ಕೂಡ ಹಳೆಯ ಪೆಟ್ಟಿಗೆಗಿಂತ ಎಷ್ಟೋ ಪಾಲು ದೊಡ್ಡದು. ಹೀಗಾಗಿ ನಾದದ ಮೂಲವನ್ನಷ್ಟೇ ತೂಗಿದರೆ ಪೆಟ್ಟಿಗೆ ಮೇಲೆಂದು ಹೇಳಲು ಆಧಾರವಿಲ್ಲ.

ವ್ಯತ್ಯಾಸ ಕಾಣಿಸುವುದು ನಾದ ಹೊರಬೀಳುವ ಬಾಯಿಯಲ್ಲಿ. ಕರಿ ಒಂದರಲ್ಲಿ ಹಾಡುವ ಗಾಯಕನ ಷಡ್ಜ ಸುಮಾರು 139 ಹರ್ಟ್ಝ್. ಖರ್ಜದ ತಂತಿ ಅದರ ಅರ್ಧ, ಅಂದರೆ ಸುಮಾರು 69 ಹರ್ಟ್ಝ್. ಫೋನಿನ ಪುಟ್ಟ ಸ್ಪೀಕರಿಗೆ ಇಷ್ಟು ತಗ್ಗಿನ ನಾದವನ್ನು ಹೊರಡಿಸುವ ಶಕ್ತಿ ಇಲ್ಲ. ಕಿವಿ ಉಪಸ್ವರಗಳಿಂದ ಮೂಲಸ್ವರವನ್ನು ಊಹಿಸಿಕೊಳ್ಳುತ್ತದೆಯಾದರೂ ಹಾಡುವವನಿಗೆ ಬೇಕಾದ ಆಸರೆ ಅದರಲ್ಲಿ ಸಿಗದು. ಫೋನಿಗೆ ಒಂದು ಒಳ್ಳೆಯ ಸ್ಪೀಕರ್ ಜೋಡಿಸಿದರೆ ಈ ಕೊರತೆ ನೀಗುತ್ತದೆ. ಆಗ ಪುಕ್ಕಟೆ ಎನ್ನಲಾದ ವ್ಯವಸ್ಥೆಗೆ ಸ್ಪೀಕರಿನ ಬೆಲೆಯೂ ಸೇರುತ್ತದೆ ಎಂಬುದನ್ನು ಮರೆಯಬಾರದು.

ಗಿಟಾರ್ ಲೋಕ ಕಲಿತ ಪಾಠ

ಗಿಟಾರಿನ ಕಥೆಯೂ ಇದೇ ಜಾಡಿನದು. ಎಲೆಕ್ಟ್ರಿಕ್ ಗಿಟಾರಿನ ಧ್ವನಿಯ ಅರ್ಧಭಾಗ ಅದರ ಆಂಪ್ಲಿಫೈಯರಿನಲ್ಲಿದೆ. ಹಳೆಯ ವಾಲ್ವ್ ರೇಡಿಯೊಗಳಲ್ಲಿದ್ದಂತಹ ಗಾಜಿನ ಕೊಳವೆಗಳನ್ನು ಮಿತಿಮೀರಿ ದುಡಿಸಿದಾಗ ಧ್ವನಿ ಒಡೆದು ಹೊಮ್ಮುವ ಒರಟು ನಾದವೇ ರಾಕ್ ಸಂಗೀತದ ಜೀವಾಳ. ಭಾರವಾದ, ದುಬಾರಿಯಾದ, ಬೇಗ ಬಿಸಿಯಾಗುವ ಆ ಯಂತ್ರಗಳನ್ನು ಲೆಕ್ಕಾಚಾರದ ಮೂಲಕ ಅನುಕರಿಸುವ ಯತ್ನ 1990ರ ದಶಕದಲ್ಲಿ ಆರಂಭವಾಯಿತು. ಅಮೆರಿಕದ ಲೈನ್ 6 ಸಂಸ್ಥೆ 1998ರಲ್ಲಿ ಪಾಡ್ ಎಂಬ ಚಿಕ್ಕ ಕೆಂಪು ಪೆಟ್ಟಿಗೆಯನ್ನು ಮಾರುಕಟ್ಟೆಗೆ ತಂದಿತು. ಗಣಕಯಂತ್ರದೊಳಗೆ ಇದೇ ಕೆಲಸ ಮಾಡುವ ಆ್ಯಂಪ್ಲಿಟ್ಯೂಬ್ 2002ರಲ್ಲಿ, ಗಿಟಾರ್ ರಿಗ್ 2004ರಲ್ಲಿ ಬಂದವು. ಯಂತ್ರದ ಪಕ್ಷಕ್ಕೆ 2006ರಲ್ಲಿ ಆ್ಯಕ್ಸ್-ಎಫ್‌ಎಕ್ಸ್, 2011ರಲ್ಲಿ ಜರ್ಮನಿಯ ಕೆಂಪರ್ ಪ್ರೊಫೈಲರ್ ಸೇರಿಕೊಂಡವು.

ಈ ಪೈಪೋಟಿಯಲ್ಲಿ ಜನಸಾಮಾನ್ಯರು ಗಮನಿಸದ ಸತ್ಯವೊಂದಿದೆ. ಪೆಟ್ಟಿಗೆ ಎನಿಸಿಕೊಂಡಿದ್ದರ ಒಳಗೂ ಇದ್ದದ್ದು ತಂತ್ರಾಂಶವೇ. ಅದನ್ನು ಓಡಿಸಲು ಪ್ರತ್ಯೇಕವಾದ ಒಂದು ಚಿಪ್ ಇತ್ತು, ಅಷ್ಟೇ. 2020ರ ದಶಕದಲ್ಲಿ ಸ್ಟೀವನ್ ಅಟ್ಕಿನ್ಸನ್ ರೂಪಿಸಿ ಮುಕ್ತವಾಗಿ ಹಂಚಿದ ನ್ಯೂರಲ್ ಆ್ಯಂಪ್ ಮಾಡೆಲರ್ ಈ ಗೆರೆಯನ್ನು ಇನ್ನಷ್ಟು ಅಳಿಸಿತು. ಯಂತ್ರಕಲಿಕೆಯ ಮೂಲಕ ನಿಜವಾದ ಆಂಪ್ಲಿಫೈಯರಿನ ವರ್ತನೆಯನ್ನು ಗ್ರಹಿಸುವ ಈ ತಂತ್ರಾಂಶ ಪುಕ್ಕಟೆಯಾಗಿ ದೊರೆಯುತ್ತದೆ. ಅದು ಸಿದ್ಧಪಡಿಸಿದ ಕಡತಗಳನ್ನೇ ಓದಿ ನುಡಿಸುವ ಪೆಟ್ಟಿಗೆಗಳೂ ಆನಂತರ ಬಂದವು. ಎರಡರ ಒಳಗಿನ ಲೆಕ್ಕವೂ ಒಂದೇ ಆದ ಮೇಲೆ ಧ್ವನಿಯ ಬಗ್ಗೆ ಜಗಳವಾಡುವುದು ವ್ಯರ್ಥ. ಆದರೂ ವೇದಿಕೆ ಏರುವ ಗಿಟಾರ್ ವಾದಕರು ಪೆಟ್ಟಿಗೆಯನ್ನು ಬಿಟ್ಟಿಲ್ಲ. ಇದಕ್ಕೆ ಎರಡು ಕಾರಣಗಳಿವೆ: ಒಂದು ಕಾಲದ್ದು, ಇನ್ನೊಂದು ನಂಬಿಕೆಯದು. ನಮ್ಮ ಸೀಮೆಯ ಕಲಾವಿದರಿಗೂ ಇವೆರಡೂ ಅನ್ವಯಿಸುತ್ತವೆ.

ಕ್ಷಣದ ಸಾವಿರದ ಒಂದು ಪಾಲು

ಗಣಕಯಂತ್ರವಾಗಲಿ ಫೋನಾಗಲಿ ಧ್ವನಿಯನ್ನು ಒಂದೊಂದು ಹನಿಯಾಗಿ ಸಾಗಿಸುವುದಿಲ್ಲ, ಕೊಡಗಳಲ್ಲಿ ತುಂಬಿ ಸಾಗಿಸುತ್ತದೆ. ಸೆಕೆಂಡಿಗೆ 48,000 ಮಾದರಿಗಳಂತೆ ಧ್ವನಿಯನ್ನು ಅಳೆಯುವಾಗ 256 ಮಾದರಿಗಳ ಒಂದು ಕೊಡ ತುಂಬಲು ಸುಮಾರು 5.3 ಮಿಲಿಸೆಕೆಂಡ್ ಬೇಕು. ಒಳಗೆ ಬರುವಾಗ ಒಂದು, ಹೊರಗೆ ಹೋಗುವಾಗ ಒಂದು, ನಡುವಿನ ಪರಿವರ್ತನೆಗೆ ಇನ್ನಷ್ಟು ಎಂದರೆ ಒಟ್ಟು ವಿಳಂಬ ಹತ್ತು ಮಿಲಿಸೆಕೆಂಡ್ ದಾಟುತ್ತದೆ. ಗಾಳಿಯಲ್ಲಿ ಶಬ್ದ ಒಂದು ಮೀಟರ್ ಸಾಗಲು ಸುಮಾರು ಮೂರು ಮಿಲಿಸೆಕೆಂಡ್ ಹಿಡಿಯುವುದರಿಂದ, ಹತ್ತು ಮಿಲಿಸೆಕೆಂಡ್ ವಿಳಂಬವೆಂದರೆ ಸ್ಪೀಕರನ್ನು ಮೂರೂವರೆ ಮೀಟರ್ ದೂರ ಇಟ್ಟಂತೆ. ಅಷ್ಟನ್ನು ಸಹಿಸಬಹುದು. ಆದರೆ ಹಿಂದಿನ ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿ ವಿಳಂಬ 100 ಮಿಲಿಸೆಕೆಂಡನ್ನೂ ಮೀರುತ್ತಿತ್ತು. 2017ರಲ್ಲಿ ಬಂದ ಎಂಟನೆಯ ಆವೃತ್ತಿಯ ಆಂಡ್ರಾಯ್ಡ್ ಇದಕ್ಕಾಗಿ ಹೊಸ ಧ್ವನಿ ವ್ಯವಸ್ಥೆಯನ್ನು ತಂದಿತಾದರೂ, ಫೋನಿನಿಂದ ಫೋನಿಗೆ ವ್ಯತ್ಯಾಸ ಉಳಿದೇ ಇದೆ. ಬ್ಲೂಟೂತ್ ಸ್ಪೀಕರ್ ಜೋಡಿಸಿದರಂತೂ 100ರಿಂದ 200 ಮಿಲಿಸೆಕೆಂಡ್ ವಿಳಂಬ ಸಾಮಾನ್ಯ.

ತಂಬೂರಿಗೆ ಇದರಿಂದ ಯಾವ ಬಾಧಕವೂ ಇಲ್ಲ. ತಂಬೂರಿ ಯಾರ ಮಾತಿಗೂ ಉತ್ತರಿಸುವುದಿಲ್ಲ, ತನ್ನ ಪಾಡಿಗೆ ತಾನು ಮೊಳಗುತ್ತಿರುತ್ತದೆ. ಅದು ಕಾಲು ಸೆಕೆಂಡ್ ತಡವಾಗಿ ಆರಂಭವಾದರೂ ಗಾಯಕನಿಗೆ ತಿಳಿಯುವುದಿಲ್ಲ. ಠೇಕಾ ನುಡಿಸುವ ತಬಲಾ ಆ್ಯಪಿಗೂ ಇದೇ ಮಾತು ಸಲ್ಲುತ್ತದೆ, ಏಕೆಂದರೆ ಅಲ್ಲಿ ಹಾಡುವವನೇ ಯಂತ್ರವನ್ನು ಅನುಸರಿಸುತ್ತಾನೆ.

ಕೈ ತಾಗಿದೊಡನೆ ನಾದ ಹೊಮ್ಮಬೇಕಾದ ವಾದ್ಯಗಳ ಸ್ಥಿತಿ ಬೇರೆ. ಜಾತ್ರೆಯ ರಸಮಂಜರಿಗಳಲ್ಲಿ ಕೀಬೋರ್ಡ್ ಮತ್ತು ಆಕ್ಟೋಪ್ಯಾಡ್ ಇಲ್ಲದ ತಂಡ ವಿರಳ. ಜಪಾನಿನ ರೋಲೆಂಡ್ ಸಂಸ್ಥೆ 1985ರಲ್ಲಿ ಹೊರತಂದ ಎಂಟು ಪಟ್ಟಿಗಳ ಆಕ್ಟೋಪ್ಯಾಡ್‌ನ ಪೀಳಿಗೆಯೇ ನಮ್ಮ ಊರುಗಳಲ್ಲಿ ಢೋಲಕ್, ತಬಲಾ, ಡ್ರಮ್ ಎಲ್ಲದರ ಜಾಗವನ್ನೂ ತುಂಬಿದೆ. ನಿಮಿಷಕ್ಕೆ 240 ಮಾತ್ರೆಗಳ ದ್ರುತ ಲಯದಲ್ಲಿ ಒಂದು ಮಾತ್ರೆಯ ಅವಧಿ 250 ಮಿಲಿಸೆಕೆಂಡ್. ಕೋಲು ಬಿದ್ದ 150 ಮಿಲಿಸೆಕೆಂಡಿನ ಬಳಿಕ ಪೆಟ್ಟು ಕೇಳಿಸಿದರೆ ವಾದಕ ಅರ್ಧ ಮಾತ್ರೆಗಿಂತ ಹಿಂದೆ ಬಿದ್ದಂತೆ. ಅಂತಹ ಉಪಕರಣದಲ್ಲಿ ಲಯ ಹಿಡಿಯುವುದು ಯಾರಿಂದಲೂ ಆಗದು. ಆದ್ದರಿಂದಲೇ ಫೋನು ಶ್ರುತಿ ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿದಷ್ಟು ಸುಲಭವಾಗಿ ಆಕ್ಟೋಪ್ಯಾಡನ್ನು ಸರಿಸಲಾಗಿಲ್ಲ.

ಬೆಳಗಿನವರೆಗೆ ನಡೆಯುವ ಆಟ

ಎರಡನೆಯ ಕಾರಣ ನಂಬಿಕೆಗೆ ಸಂಬಂಧಿಸಿದ್ದು. ಪಾರಿಜಾತದಂತಹ ಆಟ ಸಾಂಪ್ರದಾಯಿಕವಾಗಿ ರಾತ್ರಿಯಿಡೀ ನಡೆಯುವಂಥದು. ಶ್ರುತಿಗೆಂದು ಇಟ್ಟ ಫೋನಿಗೆ ನಡುವೆ ಕರೆ ಬಂದರೆ ನಾದ ನಿಲ್ಲುತ್ತದೆ. ಪುಕ್ಕಟೆ ಆ್ಯಪಿನಲ್ಲಿ ಜಾಹೀರಾತು ನುಗ್ಗಬಹುದು. ಬ್ಯಾಟರಿ ಉಳಿಸುವ ನೆಪದಲ್ಲಿ ಫೋನೇ ಆ್ಯಪನ್ನು ಮಲಗಿಸಬಹುದು. ವಿಮಾನ ಕ್ರಮದಲ್ಲಿಟ್ಟು, ಬ್ಯಾಟರಿ ತುಂಬಿಸಿಕೊಂಡರೆ ಇವೆಲ್ಲಕ್ಕೂ ಪರಿಹಾರವಿದೆ ನಿಜ. ಆದರೆ ಇಷ್ಟೆಲ್ಲ ಎಚ್ಚರಿಕೆಯನ್ನು ಪ್ರತಿ ಸಲವೂ ಯಾರಾದರೂ ನೆನಪಿಟ್ಟುಕೊಳ್ಳಬೇಕು. ಪೆಟ್ಟಿಗೆಗೆ ಗುಂಡಿಯೊಂದನ್ನು ತಿರುಗಿಸಿದರೆ ಸಾಕು. ವಿದ್ಯುತ್ ಕೈಕೊಟ್ಟಾಗ ಮಾತ್ರ ಫೋನಿನದೇ ಮೇಲುಗೈ. ಬ್ಯಾಟರಿ ಸೌಲಭ್ಯವಿಲ್ಲದ ಪೆಟ್ಟಿಗೆ ಆಗ ಮೂಕವಾಗುತ್ತದೆ.

ಆಯುಷ್ಯದ ಲೆಕ್ಕವೂ ಗಮನಾರ್ಹ. 2017ರಲ್ಲಿ ಆ್ಯಪಲ್ ತನ್ನ ಐಒಎಸ್ 11 ಆವೃತ್ತಿಯಲ್ಲಿ 32 ಬಿಟ್‌ನ ಹಳೆಯ ಆ್ಯಪ್‌ಗಳಿಗೆ ಬಾಗಿಲು ಮುಚ್ಚಿತು. 2019ರಲ್ಲಿ ಗೂಗಲ್ ಕೂಡ ತನ್ನ ಮಳಿಗೆಗೆ ಬರುವ ಆ್ಯಪ್‌ಗಳು 64 ಬಿಟ್‌ನಲ್ಲೂ ಇರಬೇಕೆಂದು ನಿಯಮ ವಿಧಿಸಿತು. ತಯಾರಕರು ಪರಿಷ್ಕರಿಸದೆ ಬಿಟ್ಟ ಆ್ಯಪ್‌ಗಳನ್ನು, ಹಣ ಕೊಟ್ಟು ಕೊಂಡವರೂ ಹೊಸ ಫೋನಿನಲ್ಲಿ ಬಳಸದಂತಾಯಿತು. ಪೆಟ್ಟಿಗೆಗೆ ಇಂತಹ ಹೊರಗಿನ ಅಪ್ಪಣೆಯ ಭಯವಿಲ್ಲ. ಮಾಲೀಕನ ಮನೆಯಲ್ಲಿರುವಷ್ಟು ದಿನ ಅದು ಮಾಲೀಕನದೇ. ತಂತಿ ಕಡಿದರೆ, ಗುಂಡಿ ಸಡಿಲವಾದರೆ ಊರಿನ ರೇಡಿಯೊ ರಿಪೇರಿಯವನೇ ಸರಿಪಡಿಸಬಲ್ಲ. ಆದರೆ ಒಳಗಿನ ಚಿಪ್ ಕೆಟ್ಟು, ಆ ಮಾದರಿಯ ತಯಾರಿಕೆಯೂ ನಿಂತಿದ್ದರೆ ಪೆಟ್ಟಿಗೆಯೂ ನಿರುಪಯುಕ್ತವೇ. ಆ್ಯಪ್ ಹೋದರೆ ಇನ್ನೊಂದು ಆ್ಯಪ್ ಕ್ಷಣದಲ್ಲಿ ಸಿಗುತ್ತದೆ ಎಂಬುದು ಫೋನಿನ ಪಕ್ಷದ ಬಲವಾದ ವಾದ.

ಕಿವಿ ಮತ್ತು ಕುಶಲಕರ್ಮಿ

ಪೆಟ್ಟಿಗೆ ಮತ್ತು ಫೋನುಗಳ ಈ ತಕರಾರಿನಲ್ಲಿ ಮೂಲ ತಂಬೂರಿಯನ್ನು ಮರೆತರೆ ಚರ್ಚೆ ಅಪೂರ್ಣ. ಕೃಷ್ಣೆಯ ಆಚೆಗಿನ ಮಿರಜ ಈ ಸೀಮೆಯ ಸಂಗೀತಕ್ಕೆ ತವರಿನಂತಹ ಊರು. ಉಸ್ತಾದ್ ಅಬ್ದುಲ್ ಕರೀಂ ಖಾನ್ ನೆಲೆಸಿದ್ದ ಆ ಊರಿನ ಪ್ರಭಾವ ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರ ಮೂಲಕ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಅವರವರೆಗೆ ಹರಿದುಬಂತು. ಅಲ್ಲಿನ ಕುಶಲಕರ್ಮಿಗಳ ಮನೆತನಗಳು ತಲೆಮಾರುಗಳಿಂದ ಸಿತಾರ್ ಮತ್ತು ತಂಬೂರಿಗಳನ್ನು ತಯಾರಿಸುತ್ತ ಬಂದಿವೆ. ಬುರುಡೆಗೆ ಮಂಗಳವೇಢೆಯ ಕಡೆಯ ಸೋರೆಕಾಯಿ, ಕಟ್ಟಿಗೆ ಕರ್ನಾಟಕದ ಕಾಡಿನದು. 2024ರಲ್ಲಿ ಮಿರಜದ ಸಿತಾರ್ ಮತ್ತು ತಂಬೂರಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ದೊರೆಯಿತು. ಮಾನ್ಯತೆಯ ಪತ್ರ ಹೆಸರನ್ನು ಕಾಪಾಡಬಲ್ಲದು. ಕೊಳ್ಳುವವರನ್ನು ಅದು ತಂದುಕೊಡಲಾರದು. ಕೈಮಗ್ಗ ಹೋಗಿ ವಿದ್ಯುತ್ ಮಗ್ಗ ಬಂದದ್ದನ್ನು ಕಣ್ಣಾರೆ ಕಂಡ ರಬಕವಿ–ಬನಹಟ್ಟಿಯ ನೇಕಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ನಷ್ಟವೊಂದಿದೆ. ತಂಬೂರಿಯನ್ನು ಶ್ರುತಿಗೊಳಿಸುವುದು ಸಂಗೀತದ ಮೊದಲ ಪಾಠ. ಬಿರಡೆ ತಿರುಗಿಸಿ, ಮಣಿ ಸರಿಸಿ, ನೂಲಿನ ಜಾಗ ಹುಡುಕಿ, ಎರಡು ಷಡ್ಜಗಳು ಒಂದಾಗುವ ಕ್ಷಣವನ್ನು ಶಿಷ್ಯ ತನ್ನ ಕಿವಿಯಿಂದಲೇ ಗುರುತಿಸಬೇಕು. ಆ ಹುಡುಕಾಟದಲ್ಲಿ ಕಿವಿ ಹದಗೊಳ್ಳುತ್ತದೆ. ಪೆಟ್ಟಿಗೆಯೂ ಆ್ಯಪೂ ಈ ಶ್ರಮವನ್ನು ಉಳಿಸಿಕೊಡುತ್ತವೆ. ಅದರ ಜೊತೆಗೆ ಆ ಪಾಠವನ್ನೂ ಕಿತ್ತುಕೊಳ್ಳುತ್ತವೆ. ಈ ವಿಷಯದಲ್ಲಿ ಯಂತ್ರಾಂಶ, ತಂತ್ರಾಂಶ ಎರಡೂ ಒಂದೇ ಕಡೆ ನಿಂತಿವೆ.

ಹಾಗೆಂದು ಆ್ಯಪ್ ತಂದ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಕಬ್ಬಿನ ಗದ್ದೆಯ ಕೆಲಸಕ್ಕೋ ಮಗ್ಗದ ಕೆಲಸಕ್ಕೋ ಹೋಗುವ ಮನೆಯ ಮಗುವಿಗೆ ತಂಬೂರಿಯೂ ದೂರ, ಪೆಟ್ಟಿಗೆಯೂ ದೂರ. ಮನೆಯಲ್ಲಿರುವ ಒಂದೇ ಫೋನಿನಲ್ಲಿ ಬೆಳಗಿನ ಅರ್ಧ ಗಂಟೆ ಶ್ರುತಿ ಹಿಡಿದು ಅಭ್ಯಾಸ ಮಾಡುವ ಅವಕಾಶ ಆ ಮಗುವಿಗೆ ಮೊದಲ ಬಾರಿಗೆ ದೊರೆತಿದೆ. ಗಾಯನಕ್ಕೆ ಶ್ರುತಿಯೇ ಇಲ್ಲದಿರುವುದಕ್ಕಿಂತ ಫೋನಿನ ಶ್ರುತಿ ಎಷ್ಟೋ ಮೇಲು.

ಯಾವುದಕ್ಕೆ ಯಾವುದು?

ಈ ಎಲ್ಲ ಅಂಶಗಳನ್ನು ತೂಗಿದಾಗ ತೀರ್ಮಾನ ಕಷ್ಟವಲ್ಲ. ಮನೆಯ ಅಭ್ಯಾಸಕ್ಕೆ ಆ್ಯಪ್ ಧಾರಾಳವಾಗಿ ಸಾಕು. ಅದರ ಮೇಲೆ ಖರ್ಚು ಮಾಡುವುದಿದ್ದರೆ ತಂತಿಯ ಮೂಲಕ ಜೋಡಿಸುವ ಒಂದು ಒಳ್ಳೆಯ ಸ್ಪೀಕರಿನ ಮೇಲೆ ಮಾಡುವುದು ಲೇಸು. ರಾತ್ರಿಯಿಡೀ ನಡೆಯುವ ಆಟ, ಸಾರ್ವಜನಿಕ ಕಛೇರಿ, ಮಠದ ನಿತ್ಯ ಭಜನೆ ಮುಂತಾದೆಡೆ ಅದಕ್ಕೆಂದೇ ಮೀಸಲಾದ ಸಾಧನವಿರಬೇಕು. ಅದು ಶ್ರುತಿ ಪೆಟ್ಟಿಗೆಯೇ ಆಗಬೇಕೆಂದಿಲ್ಲ. ಸಿಮ್ ತೆಗೆದು, ಬೇರಾವ ಕೆಲಸಕ್ಕೂ ಬಳಸದೆ ಶ್ರುತಿಗೆಂದೇ ಮೀಸಲಿಟ್ಟ ಹಳೆಯ ಫೋನು ಕೂಡ ಆಗ ಒಂದು ಪೆಟ್ಟಿಗೆಯೇ. ಕೈಯಿಂದ ನುಡಿಸುವ ವಾದ್ಯಗಳಿಗೆ ಮಾತ್ರ ವಿಳಂಬವಿಲ್ಲದ ಯಂತ್ರ ಸದ್ಯಕ್ಕೆ ಅನಿವಾರ್ಯ.

ಉಳಿಯುವುದು ಸಾರ್ವಜನಿಕ ಸಂಸ್ಥೆಗಳ ಹೊಣೆ. ಸಂಗೀತ ಪಾಠಶಾಲೆಗಳು, ಕಲಾ ಸಂಘಗಳು, ಅನುದಾನ ನೀಡುವ ಇಲಾಖೆಗಳು ಪ್ರತಿ ವರ್ಷ ಹೊಸ ಎಲೆಕ್ಟ್ರಾನಿಕ್ ಸಾಧನಗಳ ಪಟ್ಟಿ ತಯಾರಿಸುವ ಬದಲು, ತಾಲೂಕಿಗೆ ಒಂದಾದರೂ ನಿಜವಾದ ತಂಬೂರಿ ಮತ್ತು ಅದನ್ನು ವರ್ಷಕ್ಕೊಮ್ಮೆ ಜವಾರಿ ಮಾಡಿಕೊಡುವ ಕುಶಲಕರ್ಮಿಗೆ ಸಂಭಾವನೆ ಒದಗಿಸಿದರೆ ಅದರ ಫಲ ದೀರ್ಘಕಾಲದ್ದು. ಫೋನಿನ ಶ್ರುತಿಯಲ್ಲಿ ಬೆಳೆದ ಮಗು ಒಮ್ಮೆಯಾದರೂ ತಂಬೂರಿಯ ಪಕ್ಕದಲ್ಲಿ ಕುಳಿತು ಬಿರಡೆ ತಿರುಗಿಸಬೇಕು. ಯಂತ್ರ ಯಾವುದನ್ನು ಅನುಕರಿಸುತ್ತಿದೆ ಎಂಬುದು ಆ ಮಗುವಿಗೆ ಆಗಲೇ ತಿಳಿಯುತ್ತದೆ.